ಕಿಟಕಿ ಗಾಜಿಗೆ ಹತ್ತು ರೂಪಾಯಿ ಮದ್ದು



ನಮ್ಮ ಶಾಲೆಯ ಹೊಸ ಕೊಠಡಿಗೆ ಮೂರು ಕಿಟಕಿಗಳಿವೆ. ಒಂದೊಂದು ಕಿಟಕಿಗೆ ಎರಡು ಕದ, ಒಂದೊಂದು ಕದಕ್ಕೆ ಮೂರು ಗಾಜು. ಒಟ್ಟು 18 ಗಾಜು. ಹಳೇ ಕೊಠಡಿಯಲ್ಲಿ ಇದ್ದದ್ದು ಬರೀ ಮರದ ಕದ. ಮಳೆ ಬಂದರೆ ಮುಚ್ಚಬೇಕು, ಮುಚ್ಚಿದರೆ ಕತ್ತಲು. ಅದಕ್ಕೇ ಹೊಸ ಕೊಠಡಿಗೆ ಗಾಜು ಹಾಕಿಸಿದ್ದು. ಆದರೆ ಎರಡೇ ವರ್ಷದಲ್ಲಿ ಆ ಗಾಜುಗಳು ಹಾಲು ಬಳಿದ ಹಾಗೆ ಬೆಳ್ಳಗಾಗಿ ಹೋದವು. ಮಧ್ಯಾಹ್ನ ಮೂರರ ಮೇಲೆ ಕರೆಂಟು ಹೋದರೆ ಕಪ್ಪು ಹಲಗೆಯ ಮೇಲಿನ ಅಕ್ಷರ ಹಿಂದಿನ ಬೆಂಚಿಗೆ ಕಾಣುವುದಿಲ್ಲ. ನಮ್ಮ ತರಗತಿಯಲ್ಲಿ ದಪ್ಪ ಕನ್ನಡಕ ಹಾಕುವ ಗೆಳತಿಯೊಬ್ಬಳಿದ್ದಾಳೆ. ಅವಳು ಮೊದಲನೇ ಬೆಂಚಿನಲ್ಲಿ ಕೂತರೂ ಕೊನೇ ಪಿರಿಯಡ್ಡಿನಲ್ಲಿ ಪಕ್ಕದವಳ ನೋಟ್ಸ್ ನೋಡಿಯೇ ಬರೆದುಕೊಳ್ಳುವುದು.

ಹಿಂದಿನ ತಿಂಗಳು ಎಸ್.ಡಿ.ಎಂ.ಸಿ. ಸಭೆಯಲ್ಲಿ ಈ ಮಾತು ಬಂತಂತೆ. "ಎಷ್ಟು ಒರೆಸಿದರೂ ಹೋಗಲ್ಲ, ಗಾಜು ತೆಗೆಸಿ ತಗಡು ಹೊಡೆಸಿಬಿಡೋಣ, ಒಡೆಯೋ ಭಯಾನೂ ಇರಲ್ಲ" ಅಂತ ಹಿರಿಯರೊಬ್ಬರು ಹೇಳಿದರಂತೆ. ತಗಡು ಹೊಡೆದರೆ ಮತ್ತೆ ಹಳೇ ಕೊಠಡಿಯ ಕತ್ತಲೇ ಗತಿ. ಹೆಡ್‌ಮೇಷ್ಟ್ರು ಒಂದು ತಿಂಗಳು ಸಮಯ ಕೇಳಿದ್ದಾರೆ. ಆದ್ದರಿಂದ ಈ ಲೇಖನ ಬರೀ ಸಾಮಾನ್ಯ ಜ್ಞಾನಕ್ಕಲ್ಲ, ನಮ್ಮ ಕಿಟಕಿಗಾಗಿಯೇ ಬರೆದಿದ್ದೇನೆ. ವಿಜ್ಞಾನದ ಟೀಚರ್ ಜೊತೆ ನಿಂತು ನಾವು ನಾಲ್ಕು ಜನ ಮಾಡಿ ನೋಡಿದ್ದನ್ನೂ, ಅವರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಕೊಟ್ಟಿದ್ದೇನೆ.

ಗಾಜಿನ ಮೇಲೆ ಕೂತಿರುವುದು ಏನು?

ಕೊಳೆ ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರಲ್ಲಿ ಮೂರು ಜಾತಿ ಇದೆ. ಮೊದಲನೆಯದು ಧೂಳು. ಇದು ಗಾಜನ್ನು ಕಚ್ಚಿಕೊಂಡಿರುವುದಿಲ್ಲ, ಒಣ ಬಟ್ಟೆಗೇ ಬರುತ್ತದೆ. ಎರಡನೆಯದು ಜಿಡ್ಡು. ಬಿಸಿಯೂಟದ ಅಡುಗೆ ಮನೆ ಮೂರನೇ ಕಿಟಕಿಯ ಪಕ್ಕದಲ್ಲೇ ಇದೆ. ಒಗ್ಗರಣೆ ಹೊಗೆಯಲ್ಲಿ ಎಣ್ಣೆಯ ಸಣ್ಣ ಸಣ್ಣ ಹನಿಗಳು ತೇಲಿ ಬಂದು ಗಾಜಿಗೆ ಕೂರುತ್ತವೆ. ನಮ್ಮ ಬೆರಳಿನ ಗುರುತೂ ಜಿಡ್ಡೇ. ಜಿಡ್ಡಿನ ಮೇಲೆ ಧೂಳು ಕೂತರೆ ಅದು ಬರೀ ನೀರಿಗೆ ಬರುವುದಿಲ್ಲ, ಯಾಕೆಂದರೆ ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ.

ಮೂರನೆಯದೇ ನಮ್ಮ ಕಿಟಕಿಯ ದೊಡ್ಡ ಶತ್ರು. ಅದೇ ನೀರಿನ ಬಿಳಿ ಕಲೆ. ನೀರು ಹಾಕಿ ತೊಳೆದ ಗಾಜಿನ ಮೇಲೆ ನೀರಿನದೇ ಕಲೆ ಅಂದರೆ ನಗು ಬರಬಹುದು. ಆದರೆ ಸಂಗತಿ ಹಾಗೇ ಇದೆ. ನಮ್ಮ ಬೋರ್‌ವೆಲ್ ನೀರು ಗಡಸು ನೀರು. ಮಳೆ ನೀರು ಭೂಮಿಗೆ ಇಳಿಯುವಾಗ ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ. ಆಮೇಲೆ ಕಲ್ಲಿನೊಳಗಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಮುಂತಾದ್ದನ್ನು ಕರಗಿಸಿಕೊಳ್ಳುತ್ತಾ ಕೆಳಗೆ ಹೋಗುತ್ತದೆ. ನಾವು ಅದನ್ನೇ ಮೇಲೆತ್ತಿ ಟ್ಯಾಂಕಿಗೆ ತುಂಬಿಸುತ್ತೇವೆ. ಆ ನೀರಿನ ಹನಿ ಗಾಜಿನ ಮೇಲೆ ಒಣಗಿದಾಗ ನೀರು ಮಾತ್ರ ಆವಿಯಾಗಿ ಹೋಗುತ್ತದೆ. ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಲ್ಲೇ ಉಳಿಯುತ್ತದೆ. ಸ್ನಾನದ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದಲ್ಲಾ, ಅದೂ ಇದೇ. ಮೊಟ್ಟೆಯ ಸಿಪ್ಪೆಯಲ್ಲಿ ಹೆಚ್ಚಿನ ಪಾಲು ಇರುವುದೂ ಇದೇ.

ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಮಾಡೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಹೊರಡಿಸಿದ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 600 ಮಿಲಿಗ್ರಾಂ ತನಕ ಒಪ್ಪಬಹುದು. 600 ಅಂತಲೇ ಇಟ್ಟುಕೊಳ್ಳಿ. ಹತ್ತು ಲೀಟರಿನ ಒಂದು ಬಕೆಟ್ಟಿನಲ್ಲಿ 6 ಗ್ರಾಂ, ಅಂದರೆ ಹತ್ತಿರ ಹತ್ತಿರ ಒಂದು ಸಣ್ಣ ಚಮಚದಷ್ಟು ಪುಡಿ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ. ಸ್ವಚ್ಛತಾ ದಿನ ಬಕೆಟ್ ನೀರು ಎರಚಿ ಹಾಗೇ ಒಣಗಲು ಬಿಟ್ಟರೆ ಗಾಜಿಗೆ ತೆಳ್ಳಗೆ ಸುಣ್ಣ ಹೊಡೆದ ಹಾಗೇ ಸರಿ. ಪ್ರತಿ ಸಲ ಒಂದೊಂದು ಕೋಟು!

ನಾವು ಮಾಡಿ ನೋಡಿದ್ದು

ಟೀಚರ್ ಹೇಳಿದ್ದು ಏನೆಂದರೆ, "ಅವರು ಹೇಳಿದರು ಇವರು ಹೇಳಿದರು ಅಂತ ಬರೀಬೇಡಿ. ಆರು ಗಾಜಿಗೆ ಆರು ಬಗೆ ಹಾಕಿ ನೋಡಿ." ಅದರಂತೆ ಎರಡನೇ ಕಿಟಕಿಯ ಆರು ಗಾಜುಗಳನ್ನು ಆರಿಸಿಕೊಂಡೆವು. ಎಲ್ಲಕ್ಕೂ ಅದೇ ನಲ್ಲಿ ನೀರು, ಎಲ್ಲಕ್ಕೂ ಹಳೇ ಪಂಚೆಯ ತುಂಡು, ಎಲ್ಲಕ್ಕೂ ಐದೈದು ನಿಮಿಷ.

ಮೊದಲನೇ ಗಾಜಿಗೆ ಬರೀ ನೀರು. ಧೂಳು ಹೋಯಿತು, ಕಲೆ ಹಾಗೇ ಇತ್ತು. ಎರಡನೆಯದಕ್ಕೆ ಸ್ನಾನದ ಸೋಪಿನ ನೀರು. ಇದು ಮೊದಲಿಗಿಂತ ಕೆಟ್ಟದಾಯಿತು! ಗಾಜಿನ ಮೇಲೆ ಮೊಸರಿನ ಕೆನೆಯಂಥ ಮಬ್ಬು ಕೂತುಬಿಟ್ಟಿತು. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಗಸಿ ಆಗುತ್ತದೆ. ನಮ್ಮೂರಿನಲ್ಲಿ ಸೋಪು ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ ಅಂತ ಅಮ್ಮ ಗೊಣಗುವುದು ಇದಕ್ಕೇ.

ಮೂರನೇ ಗಾಜಿಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ಒದ್ದೆ ಬಟ್ಟೆಯಲ್ಲಿ ಹಾಕಿದೆವು. ಇದು ನಮ್ಮಜ್ಜಿಯ ಸಲಹೆ. "ಲಾಟೀನಿನ ಗಾಜನ್ನ ಬೂದಿಯಲ್ಲೇ ತಿಕ್ಕಿ ಫಳಫಳ ಅನ್ನಿಸ್ತಿದ್ವಿ ಮಗಾ, ನಿಮ್ದೇನು ಮಹಾ ಗಾಜು" ಅಂದಿದ್ದರು. ಅಜ್ಜಿ ಮಾತು ಅರ್ಧ ಸರಿ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ. ಅದು ಪ್ರತ್ಯಾಮ್ಲ ಗುಣದ್ದು, ಜಿಡ್ಡನ್ನು ಬಿಡಿಸುತ್ತದೆ. ಲಾಟೀನಿಗೆ ಹಿಡಿಯುವುದು ಮಸಿ ಮತ್ತು ಜಿಡ್ಡು, ಹಾಗಾಗಿ ಅಲ್ಲಿ ಬೂದಿ ಗೆದ್ದಿತು. ನಮ್ಮ ಕಿಟಕಿಯಲ್ಲಿಯೂ ಬೆರಳ ಗುರುತು ಹೋಯಿತು. ಆದರೆ ಬಿಳಿ ಕಲೆ ಅಲ್ಲಾಡಲಿಲ್ಲ.

ಬೂದಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಖನಿಜಗಳ ಗಟ್ಟಿತನ ಅಳೆಯಲು ಮೋಸ್ ಎಂಬ ಅಳತೆ ಇದೆ. ಅದರಲ್ಲಿ ವಜ್ರಕ್ಕೆ 10. ಕಿಟಕಿ ಗಾಜಿಗೆ ಸುಮಾರು ಐದೂವರೆ. ಮರಳಿನ ಹರಳಿಗೆ 7. ಅಂದರೆ ಬೂದಿಯಲ್ಲಿ ಒಂದೇ ಒಂದು ಮರಳಿನ ಹರಳು ಉಳಿದಿದ್ದರೂ ಅದು ಗಾಜಿನ ಮೇಲೆ ಗೆರೆ ಎಳೆಯುತ್ತದೆ. ಆ ಗೆರೆ ಜನ್ಮದಲ್ಲಿ ಹೋಗುವುದಿಲ್ಲ. ಮಣ್ಣು ಹಾಕಿ ಗಾಜು ಉಜ್ಜಬಾರದು ಅನ್ನುವುದಕ್ಕೂ, ಒರೆಸುವ ಮುಂಚೆ ಒಣ ಧೂಳನ್ನು ಕೊಡವಬೇಕು ಅನ್ನುವುದಕ್ಕೂ ಇದೇ ಕಾರಣ. ಬಿಳಿ ಕಲೆಯ ಕ್ಯಾಲ್ಸಿಯಂ ಕಾರ್ಬೊನೇಟಿನ ಗಟ್ಟಿತನ 3 ಮಾತ್ರ, ಗಾಜಿಗಿಂತ ಮೆತ್ತಗೆ. ಅಡುಗೆ ಸೋಡಾ ಅದಕ್ಕಿಂತ ಮೆತ್ತಗೆ. ಹಾಗಾಗಿ ಉಜ್ಜಲೇಬೇಕು ಅಂದರೆ ಒದ್ದೆ ಬಟ್ಟೆಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಉಜ್ಜಬಹುದು.

ನಾಲ್ಕನೇ ಗಾಜಿಗೆ ನಿಂಬೆಹಣ್ಣು. ಹೋಳು ಮಾಡಿ ನೇರವಾಗಿ ತಿಕ್ಕಿದೆವು. ಬಿಳಿ ಕಲೆ ಕರಗಿತು. ಎಲ್ಲರೂ ಹೋ ಅಂದೆವು. ಆದರೆ ಒಣಗಿದ ಮೇಲೆ ಅಂಟಂಟು, ಇರುವೆಯೂ ಬಂತು. ನಿಂಬೆ ರಸದಲ್ಲಿ ಸಿಟ್ರಿಕ್ ಆಮ್ಲದ ಜೊತೆ ಸಕ್ಕರೆ ಅಂಶವೂ ತಿರುಳೂ ಇರುತ್ತದೆ. ಸೋಸಿ ಹಚ್ಚಿ, ಆಮೇಲೆ ಒಳ್ಳೆಯ ನೀರಲ್ಲಿ ಒರೆಸಿದರೆ ಪರವಾಗಿಲ್ಲ. ಮರದಲ್ಲಿ ಹಣ್ಣು ಉದುರಿ ಹಾಳಾಗುತ್ತಿದ್ದರೆ ಇದೇ ಸರಿ. ಬೇಸಿಗೆಯಲ್ಲಿ ಹಣ್ಣಿಗೆ ಐದು ಹತ್ತು ರೂಪಾಯಿ ಇರುವಾಗ ಕಿಟಕಿಗೆ ಹಿಂಡಿದರೆ ಮನೆಯಲ್ಲಿ ಬೈಗುಳವೇ! ಹುಣಸೆಹಣ್ಣು ಹಿತ್ತಾಳೆ ಚೊಂಬಿಗೆ ಚೆನ್ನ, ಗಾಜಿಗೆ ಅದರ ರಸದ ಕಂದು ಬಣ್ಣ ಬೇಡ.

ಐದನೇ ಗಾಜಿಗೆ ವಿನೆಗರ್ ಬೆರೆಸಿದ ನೀರು. ವಿನೆಗರ್ ಅಂದರೆ ಗೋಬಿ ಮಂಚೂರಿ ಅಂಗಡಿಯವರು ಹಾಕುವ ಹುಳಿ ನೀರು, ದಿನಸಿ ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಇದರಲ್ಲಿ ನೂರಕ್ಕೆ ಸುಮಾರು ನಾಲ್ಕೈದು ಭಾಗ ಅಸಿಟಿಕ್ ಆಮ್ಲ, ಮಿಕ್ಕಿದ್ದು ನೀರು. ಬಿಳಿ ಕಲೆ ಎರಡನೇ ಸುತ್ತಿಗೆ ಹೋಯಿತು. ಒಣಗಿದ ಮೇಲೆ ಅಂಟಿಲ್ಲ, ಯಾಕೆಂದರೆ ಅಸಿಟಿಕ್ ಆಮ್ಲ ನೀರಿನ ಜೊತೆ ತಾನೂ ಆರಿಹೋಗುತ್ತದೆ. ಆದರೆ ಬೆರಳಿನ ಜಿಡ್ಡು ಅಲ್ಲಲ್ಲಿ ಉಳಿಯಿತು. ಆರನೇ ಗಾಜಿಗೆ ಅದೇ ವಿನೆಗರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮೂರೇ ಹನಿ ಸೇರಿಸಿದೆವು. ಜಿಡ್ಡೂ ಹೋಯಿತು, ಕಲೆಯೂ ಹೋಯಿತು. ಆ ಗಾಜಿನ ಆಚೆ ಬೇವಿನ ಮರದ ಎಲೆ ಎಣಿಸಬಹುದಿತ್ತು.

ಲಿಕ್ವಿಡ್ ಯಾಕೆ, ಸೋಪು ಯಾಕೆ ಬೇಡ ಅಂತ ಕೇಳಬಹುದು. ಲಿಕ್ವಿಡ್ ಸೋಪಲ್ಲ, ಅದು ಮಾರ್ಜಕ. ಗಡಸು ನೀರಿನಲ್ಲಿ ಸೋಪಿನಂತೆ ಗಸಿ ಕಟ್ಟುವುದಿಲ್ಲ. ಅದರ ಅಣುವಿಗೆ ಒಂದು ತಲೆ ಒಂದು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ಬಾಲಗಳು ಜಿಡ್ಡಿಗೆ ನೆಟ್ಟುಕೊಂಡು ಅದನ್ನು ಗಾಜಿನಿಂದ ಎಬ್ಬಿಸುತ್ತವೆ, ತಲೆಗಳು ನೀರಿನ ಕಡೆ ಎಳೆಯುತ್ತವೆ. ಮೂರು ಹನಿ ಅಂದರೆ ಮೂರೇ ಹನಿ. ಚಮಚ ಹಾಕಿದರೆ ಜಾಸ್ತಿ ಚೊಕ್ಕಟವಾಗುವುದಿಲ್ಲ, ಲಿಕ್ವಿಡ್ಡೇ ಗಾಜಿನ ಮೇಲೆ ಪಟ್ಟೆ ಪಟ್ಟೆಯಾಗಿ ಉಳಿಯುತ್ತದೆ. ಅಂಟುವಾಳದ ಕಾಯಿ ನೆನೆಸಿದ ನೀರೂ ಇದೇ ಕೆಲಸ ಮಾಡುತ್ತದೆ. ಅದರ ಕಂದು ಬಣ್ಣ ಉಳಿಯದಂತೆ ಇನ್ನೊಂದು ಸಲ ಒರೆಸಬೇಕು, ಅಷ್ಟೇ.

ಮಾಡುವ ವಿಧಾನ

ಒಂದು ಪಾಲು ವಿನೆಗರ್, ಮೂರು ಪಾಲು ನೀರು. ಅರ್ಧ ಲೀಟರ್ ಬೇಕಾದರೆ 125 ಮಿಲಿ ಲೀಟರ್ ವಿನೆಗರಿಗೆ 375 ಮಿಲಿ ಲೀಟರ್ ನೀರು. ಅಳತೆ ಪಾತ್ರೆ ಇಲ್ಲದಿದ್ದರೆ ಟೀ ಲೋಟದಲ್ಲಿ ಅಳೆಯಿರಿ, ಒಂದು ಲೋಟಕ್ಕೆ ಮೂರು ಲೋಟ. ಮೇಲೆ ಮೂರು ಹನಿ ಲಿಕ್ವಿಡ್. ಬಾಟಲಿ ಕುಲುಕಬೇಡಿ, ನೊರೆ ಬರುತ್ತದೆ. ಮೆಲ್ಲಗೆ ಮಗುಚಿದರೆ ಸಾಕು.

ನೀರು ಯಾವುದು ಅನ್ನುವುದೇ ಇಲ್ಲಿ ಮುಖ್ಯ. ಗಡಸು ನೀರಿನಲ್ಲೇ ಬೆರೆಸಿದರೆ ಸ್ವಲ್ಪ ವಿನೆಗರು ಆ ನೀರಿನ ಜೊತೆ ಹೊಡೆದಾಡಿಯೇ ಖರ್ಚಾಗುತ್ತದೆ, ಕಲೆಯೂ ಸ್ವಲ್ಪ ಮತ್ತೆ ಉಳಿಯುತ್ತದೆ. ಮಳೆ ನೀರು ಎಲ್ಲಕ್ಕಿಂತ ಒಳ್ಳೆಯದು, ಅದಕ್ಕೆ ಗಡಸುತನವೇ ಇಲ್ಲ ಅನ್ನಬಹುದು. ಮೊದಲ ಮಳೆ ಬಿಟ್ಟು, ಎರಡನೆಯ ಮಳೆಯಲ್ಲಿ ಬಯಲಿಗೆ ಪಾತ್ರೆ ಇಟ್ಟು ಹಿಡಿದು, ಮುಚ್ಚಿಟ್ಟುಕೊಳ್ಳಿ. ಮಳೆಗಾಲ ಅಲ್ಲದಿದ್ದರೆ ಶುದ್ಧ ನೀರಿನ ಘಟಕದ ನೀರು. ನಮ್ಮೂರಿನಲ್ಲಿ 20 ಲೀಟರಿನ ಕ್ಯಾನಿಗೆ ಐದು ರೂಪಾಯಿ, ನಮಗೆ ಬೇಕಾದ್ದು ಒಂದು ಚೊಂಬು. ಕುಡಿಯುವ ನೀರನ್ನು ಕಿಟಕಿಗೆ ಹಾಕುವುದೇ ಅಂತ ಬೇಸರ ಪಡಬೇಡಿ. ಬೋರ್‌ವೆಲ್ ನೀರು ಬಕೆಟ್ಟುಗಟ್ಟಲೆ ಎರಚುವುದಕ್ಕಿಂತ ಇದು ಎಷ್ಟೋ ಕಡಿಮೆ.

ಖರ್ಚು ಹೇಳುತ್ತೇನೆ. ನಾನು ತಂದ 600 ಮಿ.ಲೀ. ವಿನೆಗರ್ ಬಾಟಲಿಗೆ 45 ರೂಪಾಯಿ ಕೊಟ್ಟೆ. ಅರ್ಧ ಲೀಟರ್ ದ್ರಾವಣಕ್ಕೆ ಹಿಡಿದದ್ದು 125 ಮಿ.ಲೀ., ಅಂದರೆ ಒಂಬತ್ತು ರೂಪಾಯಿ ಚಿಲ್ಲರೆ. ಪೇಟೆಯಲ್ಲಿ ಸಿಗುವ ನೀಲಿ ದ್ರಾವಣ ಅರ್ಧ ಲೀಟರಿಗೆ ನೂರರ ಆಸುಪಾಸು. ಅದು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಜಿಡ್ಡಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಂಥ ದ್ರಾವಣಗಳ ಮೂಲಪುರುಷರಲ್ಲಿ ಒಂದು ಅಮೆರಿಕದ ವಿಂಡೆಕ್ಸ್. 1933ರಲ್ಲಿ ಡ್ರ್ಯಾಕೆಟ್ ಎಂಬ ಕಂಪನಿ ಅದನ್ನು ತಂದಿತು. ಮೊದಮೊದಲು ಅದು ಬೆಂಕಿಗೆ ಹೊತ್ತಿಕೊಳ್ಳುವಂಥದ್ದಾಗಿ, ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಈಗಿನವುಗಳಲ್ಲಿ ಹೆಚ್ಚಿನ ಪಾಲು ನೀರೇ. ಜೊತೆಗೆ ಬೇಗ ಆರುವ ಆಲ್ಕೊಹಾಲ್ ಜಾತಿಯ ದ್ರಾವಕ, ಮಾರ್ಜಕ, ಕೆಲವದರಲ್ಲಿ ಅಮೋನಿಯಾ, ಬಣ್ಣ, ಸುವಾಸನೆ. ಆದರೆ ಅಮೋನಿಯಾ ಪ್ರತ್ಯಾಮ್ಲ. ನಮ್ಮ ಸುಣ್ಣದ ಕಲೆಯನ್ನು ಕರಗಿಸಲು ಬೇಕಾದ್ದು ಆಮ್ಲ. ಹಾಗಾಗಿ ಗಡಸು ನೀರಿನ ಊರಿಗೆ ನಮ್ಮ ಹುಳಿ ನೀರೇ ವಾಸಿ ಅಂತ ನನ್ನ ಅಭಿಪ್ರಾಯ.

ಒರೆಸುವ ಕ್ರಮ ಹೀಗೆ. ಮೊದಲು ಒಣ ಬ್ರಷ್ಷಿನಿಂದ ಧೂಳು ಕೊಡವಿ. ಮೂಲೆ ಮೂಲೆಯ ಜೇಡರ ಬಲೆ ತೆಗೆಯಿರಿ. ಆಮೇಲೆ ದ್ರಾವಣವನ್ನು ಸ್ಪ್ರೇ ಬಾಟಲಿಯಲ್ಲಿ ಹಾಕಿ ಮೇಲಿನಿಂದ ಕೆಳಕ್ಕೆ ಹೊಡೆಯಿರಿ. ಸ್ಪ್ರೇ ಇಲ್ಲದಿದ್ದರೆ ನೀರಿನ ಬಾಟಲಿಯ ಮುಚ್ಚಳಕ್ಕೆ ದಬ್ಬಳದಲ್ಲಿ ನಾಲ್ಕು ತೂತು ಮಾಡಿದರಾಯಿತು. ಒಂದು ಬಟ್ಟೆಯಲ್ಲಿ ಒರೆಸಿ, ಅದು ಆರುವ ಮುಂಚೆ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ನೀರನ್ನು ಗಾಜಿನ ಮೇಲೆ ಒಣಗಲು ಬಿಡಬಾರದು ಅನ್ನುವುದೇ ಗುಟ್ಟು. ಬಟ್ಟೆಗೆ ಹೋದ ಸುಣ್ಣ ಬಟ್ಟೆಯಲ್ಲೇ ಇರುತ್ತದೆ, ಗಾಜಿನ ಮೇಲೆ ಒಣಗಿದ್ದು ಗಾಜಿನಲ್ಲೇ ಇರುತ್ತದೆ. ಇದಕ್ಕೇ ಸುಡು ಬಿಸಿಲು ಬೀಳುವಾಗ ಈ ಕೆಲಸ ಬೇಡ ಅನ್ನುವುದು. ನಮ್ಮ ಕೊಠಡಿಗೆ ಬೆಳಿಗ್ಗೆ ಬಿಸಿಲು ಬೀಳುವುದಿಲ್ಲ, ಪ್ರಾರ್ಥನೆಗೆ ಮುಂಚೆ ಮಾಡಬಹುದು.

ಒಳಗಿನ ಮೈಯನ್ನು ಅಡ್ಡಡ್ಡ, ಹೊರಗಿನ ಮೈಯನ್ನು ಉದ್ದುದ್ದ ಒರೆಸಿ. ಕೊನೆಗೆ ಪಟ್ಟೆ ಉಳಿದರೆ ಅದು ಒಳಗಿನದೋ ಹೊರಗಿನದೋ ಅಂತ ಸುಲಭವಾಗಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಒಳಗಿರುವವನು "ನಿನ್ನ ಕಡೆ ಕಣೋ", ಹೊರಗಿರುವವನು "ಇಲ್ಲ ನಿನ್ನ ಕಡೆ" ಅಂತ ಅರ್ಧ ಗಂಟೆ ಜಗಳ!

ಕೊನೆಯ ಉಜ್ಜಿಗೆ ಹಳೇ ಪೇಪರ್ ಒಳ್ಳೆಯದು. ಮುದುಡಿ ಉಂಡೆ ಮಾಡಿ ಉಜ್ಜಿದರೆ ಬಟ್ಟೆಯ ಹಾಗೆ ನೂಲಿನ ಎಳೆ ಬಿಡುವುದಿಲ್ಲ. ಆದರೆ ಮಸಿ ಕೈಗೆ ಹತ್ತುತ್ತದೆ. ಬಿಳಿ ಬಣ್ಣದ ಚೌಕಟ್ಟಿಗೂ ಹತ್ತುತ್ತದೆ, ಆಮೇಲೆ ಅದನ್ನು ಒರೆಸುವ ಕೆಲಸ ಬೇರೆ. ಬಣ್ಣದ ಹೊಳಪು ಕಾಗದದ ಪುಟಗಳು ನೀರು ಹೀರುವುದಿಲ್ಲ, ಅವು ಪುಸ್ತಕಕ್ಕೆ ರಟ್ಟು ಹಾಕಲು ಇರಲಿ.

ಹಳೇ ದಪ್ಪ ಕಲೆಗೆ ಬೆರೆಸಿದ ನೀರು ಸಾಲದು. ನೀರು ಬೆರೆಸದ ವಿನೆಗರಿನಲ್ಲಿ ಬಟ್ಟೆ ಚೂರನ್ನು ಅದ್ದಿ ಕಲೆಯ ಮೇಲೆ ಅಂಟಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಕಿವಿ ಕೊಟ್ಟು ನೋಡಿದರೆ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಅದು ಇಂಗಾಲದ ಡೈಆಕ್ಸೈಡ್. ಹತ್ತನೇ ತರಗತಿಯ ವಿಜ್ಞಾನದ ಎರಡನೇ ಪಾಠದಲ್ಲಿ ಆಮ್ಲವೂ ಕಾರ್ಬೊನೇಟೂ ಸೇರಿದರೆ ಲವಣ, ನೀರು ಮತ್ತು ಈ ಅನಿಲ ಬರುತ್ತದೆ ಅಂತ ಇದೆಯಲ್ಲಾ, ಅದೇ ನಮ್ಮ ಕಿಟಕಿಯಲ್ಲಿ ನಡೆಯುತ್ತಿದೆ. ನಂಬದವರು ಬಿಸಿಯೂಟದ ಮೊಟ್ಟೆಯ ಸಿಪ್ಪೆಯನ್ನು ವಿನೆಗರಿನಲ್ಲಿ ಹಾಕಿ ಮಾರನೇ ದಿನ ಮುಟ್ಟಿ ನೋಡಿ. ಚಾಕ್‌ಪೀಸಿನಲ್ಲಿ ಮಾಡಬೇಡಿ, ಈಗಿನ ಎಷ್ಟೋ ಚಾಕ್‌ಪೀಸುಗಳು ಜಿಪ್ಸಂನಿಂದ ಮಾಡಿದವು, ಗುಳ್ಳೆ ಬರುವುದಿಲ್ಲ.

ಇಲ್ಲಿ ಒಂದು ಮಾತು. ವಿನೆಗರನ್ನೂ ಅಡುಗೆ ಸೋಡಾವನ್ನೂ ಒಟ್ಟಿಗೆ ಬಾಟಲಿಗೆ ಹಾಕಿ ಬುಸ್ ಅಂತ ನೊರೆ ಬರಿಸಿ "ಡಬಲ್ ಪವರ್" ಅನ್ನುವವರಿದ್ದಾರೆ, ಮೊಬೈಲಿನ ವೀಡಿಯೊಗಳಲ್ಲಂತೂ ಬೇಕಾದಷ್ಟು. ಆಮ್ಲವನ್ನು ಸೋಡಾ ತಿಂದು ಹಾಕುತ್ತದೆ, ಸೋಡಾವನ್ನು ಆಮ್ಲ ತಿಂದು ಹಾಕುತ್ತದೆ. ನೊರೆ ನಿಂತ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ನೀರು. ಎರಡೂ ದಂಡ. ಮುಚ್ಚಳ ಬಿಗಿ ಮಾಡಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಲೂಬಹುದು.

ಇವನ್ನು ಮಾತ್ರ ಮರೆಯಬೇಡಿ

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯನ್ನು ಕೆಂಪು ಸ್ಕೆಚ್‌ಪೆನ್ನಿನಲ್ಲಿ ಬರೆದಿದ್ದೇನೆ, ದಯವಿಟ್ಟು ಎರಡು ಸಲ ಓದಿ. ಬ್ಲೀಚಿಂಗ್ ಪೌಡರನ್ನಾಗಲಿ, ಬ್ಲೀಚ್ ಇರುವ ಯಾವುದೇ ದ್ರಾವಣವನ್ನಾಗಲಿ ವಿನೆಗರ್, ನಿಂಬೆರಸ, ಶೌಚಾಲಯ ತೊಳೆಯುವ ಆಸಿಡ್, ಯಾವುದರ ಜೊತೆಗೂ ಸೇರಿಸಬಾರದು. ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಚೀಲವೂ, ಶೌಚಾಲಯದ ಆಸಿಡ್ ಬಾಟಲಿಯೂ, ಈಗ ನಮ್ಮ ವಿನೆಗರೂ ಒಂದೇ ಕೋಣೆಯಲ್ಲಿ ಇರುವುದರಿಂದ ಹೇಳುತ್ತಿದ್ದೇನೆ. ಬ್ಲೀಚಿಗೆ ಅಮೋನಿಯಾ ಇರುವ ನೀಲಿ ದ್ರಾವಣ ಸೇರಿದರೂ ವಿಷದ ಅನಿಲವೇ. ಒಂದೇ ಬಕೆಟ್, ಒಂದೇ ಬಟ್ಟೆಯನ್ನು ಎರಡಕ್ಕೂ ಬಳಸಬೇಡಿ. ಅಕಸ್ಮಾತ್ ಕಟುವಾದ ವಾಸನೆ ಬಂದು ಕಣ್ಣು ಉರಿದರೆ ಎಲ್ಲ ಬಿಟ್ಟು ಹೊರಗೆ ಗಾಳಿಗೆ ಓಡಿಬನ್ನಿ, ದೊಡ್ಡವರಿಗೆ ಹೇಳಿ.

ದ್ರಾವಣವನ್ನು ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಇಡಬೇಡಿ. ಒಂದನೇ ತರಗತಿಯ ಮಕ್ಕಳು ಬಾಯಾರಿದಾಗ ಲೇಬಲ್ ಓದುವುದಿಲ್ಲ. ಬೇರೆ ಬಾಟಲಿಗೆ ಹಾಕಿ, "ಕಿಟಕಿಗೆ ಮಾತ್ರ, ಕುಡಿಯಬಾರದು" ಅಂತ ದಪ್ಪಗೆ ಬರೆದು ಅಂಟಿಸಿ ಎತ್ತರದಲ್ಲಿಡಿ.

ಸುಣ್ಣವನ್ನು ಕರಗಿಸುವ ಹುಳಿಗೆ ಇದು ಕಲೆಯ ಸುಣ್ಣ, ಇದು ಕಲ್ಲಿನ ಸುಣ್ಣ ಅಂತ ಭೇದ ಗೊತ್ತಿಲ್ಲ. ಕಡಪ ಕಲ್ಲು, ಶಹಾಬಾದ್ ಕಲ್ಲು, ಅಮೃತಶಿಲೆ ಎಲ್ಲವೂ ಸುಣ್ಣದ ಜಾತಿಯ ಕಲ್ಲುಗಳು. ಕಿಟಕಿಯ ಕೆಳಗಿನ ಕಡಪ ಕಲ್ಲಿನ ಮೇಲೆ ವಿನೆಗರ್ ಸುರಿದರೆ ಹೊಳಪು ಹೋಗಿ ಮಂಕು ಮಚ್ಚೆ ಬೀಳುತ್ತದೆ. ಕೆಳಗೆ ಒಣ ಬಟ್ಟೆ ಹಾಸಿಕೊಂಡು ಕೆಲಸ ಮಾಡಿ. ಮರದ ಚೌಕಟ್ಟಿಗೆ ಗಾಜನ್ನು ಕೂರಿಸುವ ಹಳೇ ಕಾಲದ ಪುಟ್ಟಿಯಲ್ಲಿಯೂ ಸೀಮೆಸುಣ್ಣದ ಪುಡಿಯೇ ಇರುವುದು, ಅಂಚಿನಲ್ಲಿ ನೆನೆಯಲು ಬಿಡಬೇಡಿ. ಕಬ್ಬಿಣದ ಸರಳಿಗೆ, ಕೀಲಿಗೆ ಬಿದ್ದರೆ ತಕ್ಷಣ ಒರೆಸಿ, ಇಲ್ಲದಿದ್ದರೆ ತುಕ್ಕು.

ಗಾಜಿನ ಹಾಗೆ ಕಂಡದ್ದೆಲ್ಲ ಗಾಜಲ್ಲ. ಈಗಿನ ಕನ್ನಡಕಗಳು ಬಹಳ ಮಟ್ಟಿಗೆ ಪ್ಲಾಸ್ಟಿಕ್, ಮೇಲೆ ತೆಳುವಾದ ಲೇಪನ ಬೇರೆ. ಅದಕ್ಕೆ ವಿನೆಗರೂ ಬೇಡ, ಪೇಪರೂ ಬೇಡ. ಸ್ಮಾರ್ಟ್ ಕ್ಲಾಸಿನ ಟಿ.ವಿ., ಕಂಪ್ಯೂಟರ್, ಮೊಬೈಲ್ ಪರದೆಗೂ ಬೇಡ. ಮನೆಯ ಕನ್ನಡಿಗೆ ಆಗಬಹುದು, ಆದರೆ ನೇರ ಸ್ಪ್ರೇ ಹೊಡೆಯಬೇಡಿ. ನೀರು ಅಂಚಿನಿಂದ ಹಿಂದಕ್ಕೆ ಇಳಿದು ಬೆಳ್ಳಿಯ ಲೇಪನವನ್ನು ತಿಂದು ಕಪ್ಪು ಕಲೆ ಮಾಡುತ್ತದೆ. ಬಟ್ಟೆಗೆ ಹಾಕಿಕೊಂಡು ಒರೆಸಿ. ಸಭಾಂಗಣದಲ್ಲಿರುವ ಗಾಂಧೀಜಿ, ಅಂಬೇಡ್ಕರ್ ಫೋಟೊಗಳಿಗೂ ಹೀಗೇ, ಇಲ್ಲದಿದ್ದರೆ ಒಳಗಿನ ಕಾಗದ ಒದ್ದೆಯಾಗುತ್ತದೆ.

2020ರಲ್ಲಿ ಕೊರೋನಾ ಬಂದಾಗ ಕೊಟ್ಟ ಸ್ಯಾನಿಟೈಸರ್ ಇನ್ನೂ ಬೀರುವಿನಲ್ಲಿದೆ, ಅದು ಆಗುತ್ತದಾ ಅಂತ ಒಬ್ಬರು ಕೇಳಿದರು. ನೀರಿನಂತೆ ತೆಳ್ಳಗಿರುವ ಸ್ಯಾನಿಟೈಸರಿನ ಆಲ್ಕೊಹಾಲ್ ಜಿಡ್ಡು ಬಿಡಿಸುತ್ತದೆ. ಆದರೆ ಕೈ ಒಣಗದಿರಲಿ ಅಂತ ಹಾಕಿದ ಗ್ಲಿಸರಿನ್ ಗಾಜಿನ ಮೇಲೆ ಮಸುಕು ಮಾಡುತ್ತದೆ. ಬೆಂಕಿಗೂ ಹೊತ್ತಿಕೊಳ್ಳುತ್ತದೆ, ಅಡುಗೆ ಮನೆ ಪಕ್ಕ ಅಂತೂ ಬೇಡವೇ ಬೇಡ.

ಮತ್ತೆ, ಸರಳು ಹತ್ತಿ ನಿಂತು ಒರೆಸಬಾರದು. ಡೆಸ್ಕಿನ ಮೇಲೆ ಡೆಸ್ಕ್ ಇಡಬಾರದು. ಕೋಲಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿರುಕು ಬಿಟ್ಟ ಗಾಜನ್ನು ಮುಟ್ಟದೆ ಮೇಷ್ಟ್ರಿಗೆ ಹೇಳಿ.

ನಮ್ಮ 18 ಗಾಜುಗಳ ಕಥೆ

ಮೊದಲ ಎರಡು ಕಿಟಕಿಗಳ 12 ಗಾಜುಗಳಲ್ಲಿ ಹತ್ತು ಪೂರ್ತಿ ತಿಳಿಯಾಗಿವೆ. ಎರಡು ಆಗಲಿಲ್ಲ. ಅವು ಮೊದಲನೇ ಕಿಟಕಿಯ ಕೆಳಗಿನ ಗಾಜುಗಳು. ಗೋಡೆಗೆ ಗಿಲಾವು ಮಾಡುವಾಗ ಹಸಿ ಸಿಮೆಂಟು ಸಿಡಿದು ಬಹಳ ದಿನ ಹಾಗೇ ಇತ್ತು. ಹಸಿ ಸಿಮೆಂಟು ಗಟ್ಟಿ ಪ್ರತ್ಯಾಮ್ಲ, ಅದು ಗಾಜಿನ ಮೈಯನ್ನೇ ಕೊರೆಯುತ್ತದೆ. ಗಾಜಿನಲ್ಲಿ ಮುಖ್ಯವಾಗಿರುವುದು ಮರಳಿನ ಸಿಲಿಕಾ, ನೂರಕ್ಕೆ ಸುಮಾರು ಎಪ್ಪತ್ತು ಪಾಲು. ಅದನ್ನು ವಿನೆಗರ್ ಏನೂ ಮಾಡದು, ಆದರೆ ಕಟುವಾದ ಪ್ರತ್ಯಾಮ್ಲ ನಿಧಾನವಾಗಿ ತಿನ್ನುತ್ತದೆ. ಕೊರೆದದ್ದನ್ನು ಯಾವ ನೀರೂ ತುಂಬಿಸದು. ಗುಳ್ಳೆ ಬರದಿದ್ದರೆ, ಉಗುರಿಗೆ ಒರಟು ತಾಗಿದರೆ, ಅದು ಕಲೆ ಅಲ್ಲ, ಗಾಯ. ಆದರೂ ಆ ಎರಡರಿಂದಲೂ ಬೆಳಕು ಬರುತ್ತದೆ, ಆಚೆ ಏನಿದೆ ಅಂತ ಸ್ಪಷ್ಟ ಕಾಣುವುದಿಲ್ಲ ಅಷ್ಟೇ.

ಮೊದಲನೇ ಕಿಟಕಿಗೇ ಕಲೆ ಜಾಸ್ತಿ ಯಾಕೆ ಅಂತ ಹೊರಗೆ ಹೋಗಿ ನೋಡಿದೆವು. ಮೇಲೆ ಟ್ಯಾಂಕ್ ಇದೆ. ತುಂಬಿ ಹರಿಯುವ ಪೈಪು ಗೋಡೆಯಿಂದ ಒಂದು ಗೇಣು ಮಾತ್ರ ಹೊರಗೆ ಚಾಚಿದೆ. ಮೋಟಾರ್ ಆಫ್ ಮಾಡುವುದು ತಡವಾದಾಗಲೆಲ್ಲ ನೀರು ಗಾಳಿಗೆ ಹಾರಿ ನೇರ ಗಾಜಿನ ಮೇಲೆ ಬೀಳುತ್ತದೆ, ಒಣಗುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಕಿಟಕಿಯ ರೋಗ ಆ ಪೈಪಿನಲ್ಲಿದೆ. ಅದಕ್ಕೆ ಒಂದು ಎಲ್ಬೋ, ನಾಲ್ಕಡಿ ಪೈಪು ಹಾಕಿ ತೆಂಗಿನ ಸಸಿಯ ಬುಡಕ್ಕೆ ಬಿಟ್ಟರೆ ಸಸಿಗೂ ನೀರಾಗುತ್ತದೆ. ಅದು ಆಗದೆ ನಾವು ಎಷ್ಟು ವಿನೆಗರ್ ಹಚ್ಚಿದರೂ ಆರು ತಿಂಗಳಿಗೆ ಮತ್ತೆ ಬಿಳಿ. ಹೆಡ್‌ಮೇಷ್ಟ್ರಿಗೆ ತೋರಿಸಿದ್ದೇವೆ. ಅವರು ಪೈಪನ್ನು ಅಳೆದುಕೊಂಡು ಹೋಗಿದ್ದಾರೆ. ಎಸ್.ಡಿ.ಎಂ.ಸಿ.ಯವರು ತಗಡಿಗೆ ದುಡ್ಡು ಎತ್ತಿಡುವ ಮುಂಚೆ ಒಂದು ಸಲ ಎರಡನೇ ಕಿಟಕಿಯ ಮುಂದೆ ನಿಂತು ನೋಡಬೇಕು ಅಂತ ಈ ಪತ್ರಿಕೆಯ ಮೂಲಕ ವಿನಂತಿ. ಮಧ್ಯಾಹ್ನ ಮೂರರ ಮೇಲೆ ಬಂದರೆ ಇನ್ನೂ ಒಳ್ಳೆಯದು.

ಮೂರನೇ ಕಿಟಕಿ ಬಾಕಿ ಇದೆ. ಅದಕ್ಕೆ ಜಿಡ್ಡು ಜಾಸ್ತಿ, ಮೊದಲು ಲಿಕ್ವಿಡ್ ನೀರಿನಲ್ಲಿ ಒಂದು ಸುತ್ತು ಒರೆಸಿ ಆಮೇಲೆ ಹುಳಿ ನೀರು ಹಾಕಬೇಕು. ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಾಡುತ್ತೇವೆ. ಬಾಟಲಿಯಲ್ಲಿ ವಿನೆಗರ್ ಇನ್ನೂ ಅರ್ಧದಷ್ಟಿದೆ, ಸಾಕಾಗುತ್ತದೆ. ಬರುವವರು ಮನೆಯಿಂದ ಎರಡೆರಡು ಹಳೇ ಪೇಪರ್, ಒಂದು ಒಗೆದ ಹತ್ತಿ ಬಟ್ಟೆ ತನ್ನಿ. ಟೆರಿಕಾಟ್ ಬಟ್ಟೆ ಬೇಡ, ಅದು ನೀರು ಹೀರುವುದಿಲ್ಲ.